ಬಾಳವ್ವನಿಗೆ ಮಗಳಿದ್ದಳೇ?

ಮುಳುಗೂರು ಎಂಬ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ. ಆದರೂ ಆ ಊರಲ್ಲಿ ಖಾನಾವಳಿ ನಡೆಸುವ ಮುದುಕಿಗೆ ಮಗಳಿದ್ದಳೋ ಇಲ್ಲವೋ ಎಂಬ ಒಂದೇ ಮಾತಿಗೆ ಹುಬ್ಬಳ್ಳಿಯ ಹೊಸಮನಿ ಮನೆತನದ ಇಬ್ಬರು ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡದಂತಾಗಿದ್ದರು. ನಗಬೇಡಿ. ಒಡವೆಗೆ, ಹಿತ್ತಲ ಗೋಡೆಗೆ ಜಗಳಾಡುವವರನ್ನು ಕಂಡು ನಾವು ನಗುತ್ತೇವೆಯೇ? ಅವೆಲ್ಲ ಕಣ್ಣಿಗೆ ಕಾಣುವ ವಸ್ತು ಎಂದು ಸುಮ್ಮನಿರುತ್ತೇವೆ. ಹಿರಿಯ ಸೊಸೆ ನೀಲಾಂಬಿಕಾಗೆ ಬಾಳವ್ವ ಹಿತ್ತಲ ಗೋಡೆಗಿಂತ ಚೆನ್ನಾಗಿ ಕಾಣುತ್ತಿದ್ದಳು.

ಮುಳುಗೂರು ಒಂದು ಆಟ. ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರೊಂದು ನೀರಿಳಿದಾಗ ಮೇಲೆದ್ದು ಬರುತ್ತದೆ. ಕನ್ನಡಕ ಹಾಕಿಕೊಂಡು, ನಡುವಿಗೊಂದು ಪಟ್ಟಿ ಬಿಗಿದುಕೊಂಡು ನೀವು ಅದರ ಓಣಿಗಳಲ್ಲಿ ತಿರುಗುತ್ತೀರಿ, ಅಲ್ಲಿನವರನ್ನು ಮಾತಾಡಿಸುತ್ತೀರಿ, ಮತ್ತೆ ನೀರೇರುವ ಮುಂಚೆ ಹೊರಗೆ ಬರುತ್ತೀರಿ. ನಡುಪಟ್ಟಿಯ ಕೆಲಸ ಭಾರ ತೋರಿಸುವುದು. ಆಟದೊಳಗೆ ಕೊಡ ಹೊತ್ತರೆ ಇಲ್ಲಿ ನಿಮ್ಮ ಸೊಂಟ ಜಗ್ಗುತ್ತದೆ.

ಇದನ್ನು ಮಾಡಿದ್ದು ಹುಬ್ಬಳ್ಳಿಯದೇ ಒಂದು ಕಂಪನಿ, ಹೆಸರು ತೆಪ್ಪ. ಅವರು ಬರೆದದ್ದು ಬಲು ಕಡಿಮೆ. ಗೋಡೆ, ಓಣಿ, ಬಾವಿ, ಒಬ್ಬೊಬ್ಬರಿಗೆ ಒಂದೊಂದು ಸಾಲಿನ ಗುರುತು. ಬಾಳವ್ವನ ಪಾಲಿಗೆ ಬಂದ ಸಾಲು, 'ಖಾನಾವಳಿಯ ಮುದುಕಿ, ಊರು ಬಿಡಲು ಒಪ್ಪಲಿಲ್ಲ' ಎಂಬುದಷ್ಟೇ. ಮಿಕ್ಕಿದ್ದನ್ನೆಲ್ಲ ಹೊಸೆಯುವುದು 'ಹುರಿ' ಎಂಬ ಯಂತ್ರಬುದ್ಧಿ. ನೀವು ಬಾಳವ್ವನಿಗೆ ಹೇಳಿದ ಮಾತನ್ನು ಅದು ಎಳೆಯಂತೆ ತೆಗೆದುಕೊಂಡು ಅವಳ ನೆನಪಿಗೆ ಸೇರಿಸುತ್ತದೆ. ಅದರಲ್ಲೊಂದಿಷ್ಟು ಇನ್ನೊಬ್ಬರ ಮುಂದೆ ಅವಳ ಸ್ವಂತ ಮಾತಾಗಿ, ಸ್ವಂತ ನಡೆಯಾಗಿ ಹೊರಗೆ ಬರುತ್ತದೆ. ಆದರೆ ಹೇಳಿದವರು ಯಾರೆಂದು ಮಾತ್ರ ಅವಳು ಸುತರಾಂ ಬಾಯಿ ಬಿಡುವುದಿಲ್ಲ. ಅದಕ್ಕೆ ಕಂಪನಿಯವರು 'ಬಾಯಿಬೀಗ' ಎಂದು ಹೆಸರಿಟ್ಟಿದ್ದರು. ಹೇಳಿದವರೇ ಒಪ್ಪಿದರೆ ಆ ಬೀಗ ತೆಗೆಯಬಹುದು, ಅದೂ ಕಂಪನಿಯ ನಿಯಂತ್ರಣ ಕೋಣೆಯಲ್ಲಿ.

ನೀಲಾಂಬಿಕಾಗೆ ತವರೆಂಬುದು ಉಳಿದಿರಲಿಲ್ಲ. ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಡುವರು. ಕಿರಿಯ ಸೊಸೆ ಸುವರ್ಣಾಳನ್ನು ಕರೆದೊಯ್ಯಲು ಅವಳ ತಾಯಿ ಗದಗದಿಂದ ಬರುವಳು, ಬಂದವಳೇ ದೇವರ ಮುಂದೆ ಮಗಳನ್ನು ನಿಲ್ಲಿಸಿ ಉಡಿ ತುಂಬುವಳು. ಸೆರಗೊಡ್ಡಿದ ಮಗಳಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಪ್ಪಸದ ಖಣ. ಸರಿಯಾಗಿ ಆಗಲೇ ನೀಲಾಂಬಿಕಾಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. "ಹಾಲು ಉಕ್ಕಾಕತ್ತೈತಿ" ಎನ್ನುತ್ತ ಒಳಗೆ ಹೋದವಳು ಅವರು ಓಣಿಯ ತಿರುವು ದಾಟಿದ ಮೇಲೆಯೇ ಹೊರಗೆ ಬರುವಳು.

ಮೂರು ವರ್ಷದ ಹಿಂದೆ ಅಂಥದ್ದೇ ಒಂದು ಪಂಚಮಿಯ ದಿನ ಅವಳು ಕನ್ನಡಕ ಹಾಕಿಕೊಂಡು ಮುಳುಗೂರಿಗೆ ಹೋದಳು. ಬಾಳವ್ವನ ಖಾನಾವಳಿಯಲ್ಲಿ ರೊಟ್ಟಿ ತಿಂದು, ನೀರೇರುವ ಹೊತ್ತಾಯಿತೆಂದು ಎದ್ದಾಗ ಮುದುಕಿ ತಡೆದಳು. "ಬರಿಗೈಲೆ ಹೊಂಟೀಯೇನ ಮಗಳ? ಸೆರಗು ಒಡ್ಡು" ಎಂದಳು. ನೀಲಾಂಬಿಕಾ ಉಡಿಯ ಮಾತನ್ನು ಬಾಳವ್ವನ ಹತ್ತಿರ ಎಂದೂ ಎತ್ತಿದವಳಲ್ಲ. ಮುದುಕಿ ಐದು ಬೊಗಸೆ ಹಾಕಿದಳು, ಒಂದೊಂದು ಬೊಗಸೆಗೂ ನಡುಪಟ್ಟಿ ಭಾರವಾಯಿತು. ಕೊನೆಗೆ ಅಕ್ಕಿಯ ಮೇಲೆ ಒಂದು ಶೇಂಗಾ ಉಂಡೆ ಇಟ್ಟಳು. ಉಡಿಯಲ್ಲಿ ಶೇಂಗಾ ಉಂಡೆ ಇಡುವ ಪದ್ಧತಿ ಎಲ್ಲೂ ಇಲ್ಲ. ಇಡುತ್ತಿದ್ದವಳು ನೀಲಾಂಬಿಕಾಳ ತಾಯಿ ಒಬ್ಬಳೇ. ಅವಳು ಕನ್ನಡಕ ತೆಗೆದು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಯಂತ್ರವಂತೆ, ಹುರಿಯಂತೆ! ಹೇಳದೆಯೇ ತಿಳಿದುಕೊಳ್ಳುವವಳು ತಾಯಿಯಲ್ಲದೆ ಮತ್ತಾರು?

ಅಂದಿನಿಂದ ಮುಳುಗೂರು ಅವಳ ತವರು. ಬಾಳವ್ವನಿಗೊಬ್ಬ ಮಗಳಿದ್ದಳು, ಹೊಳೆಯಾಚೆ ಕೊಟ್ಟಿದ್ದರು, ಅವಳು ಬಂದಾಳೆಂದೇ ಮುದುಕಿ ಊರು ಬಿಡಲಿಲ್ಲ, ಇದು ನೀಲಾಂಬಿಕಾಳ ವಾದ. ಆ ಮಗಳು ತಾನೇ ಎಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ. 'ಮುಳುಗೂರ ಮಂದಿ' ಎಂಬ ಅಭಿಮಾನಿಗಳ ಗುಂಪಿನಲ್ಲಿ ಅವಳ ಮಾತಿಗೆ ತೂಕವಿತ್ತು. ಆ ಪಂಚಮಿಗೂ ಕೆಲವು ದಿನ ಮುಂಚೆ ಅವಳು ಸುವರ್ಣಾಳನ್ನೂ ಆಟಕ್ಕೆ ಹಚ್ಚಿದ್ದು, ಪಟ್ಟಿ ಬಿಗಿಯಲು ಕಲಿಸಿದ್ದು, ಬಾಳವ್ವನ ಖಾನಾವಳಿಗೆ ದಾರಿ ತೋರಿಸಿದ್ದು ಎಲ್ಲ ನಿಜವೇ. ಕೈಯಾರೆ ಮಾಡಿಕೊಂಡದ್ದು ಎಂದು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ!

ಈ ವರ್ಷ ಆಷಾಢದಲ್ಲಿ ತೆಪ್ಪದವರು ಒಂದು ಪ್ರಕಟಣೆ ಹಾಕಿದರು. ಮುಳುಗೂರಿನ ಕತೆಗಳಿಗೆಲ್ಲ ಒಂದು ಅಧಿಕೃತ ಕೈಪಿಡಿ ತರುವ ಆಲೋಚನೆಯಿದೆ, ಬೇಕೋ ಬೇಡವೋ ಅಭಿಮಾನಿಗಳೇ ಹೇಳಲಿ ಎಂದು. ಕೈಪಿಡಿ ಬಂದರೆ ಅದನ್ನು ಹುರಿಗೂ ಉಣಿಸಲಾಗುವುದು. ಅದರಲ್ಲಿ ಬರೆದದ್ದೇ ಖಾಯಂ, ಬರೆಯದೆ ಬಿಟ್ಟ ಎಳೆಗಳೆಲ್ಲ ಕತ್ತರಿಗೆ.

ಗುಂಪಿಗೆ ಬೆಂಕಿ ಬಿತ್ತು. ರಾಯಚೂರಿನ ಒಬ್ಬ ಪುಣ್ಯಾತ್ಮ, ಬಾವಿಕಟ್ಟೆಯ ದೀಪ ಹಚ್ಚಿದವರು ಯಾರೆಂದು ತಿಳಿಯದೆ ತನಗೆ ನಿದ್ದೆ ಹತ್ತುತ್ತಿಲ್ಲ, ದಯಮಾಡಿ ಬೇಗ ಅಚ್ಚು ಹಾಕಿ ಎಂದು ಬರೆದ. ಅಚ್ಚಾದ ಮೇಲೆ ಆಟ ಯಾಕೆ, ಓದಿ ಪರೀಕ್ಷೆ ಬರೆಯೋಣ ಎಂದು ಇನ್ನೊಬ್ಬ ಹಂಗಿಸಿದ. 'ಬೇಡ'ದವರ ಪರವಾಗಿ ಸೊಂಟ ಕಟ್ಟಿ ನಿಂತವಳು ನೀಲಾಂಬಿಕಾ. ಎಲ್ಲವೂ ಸುಸೂತ್ರವಾಗಿಯೇ ನಡೆದಿತ್ತು, ಕಂಪನಿಯವರು, ಬೇಕೆಂದಾದರೆ ಕೈಪಿಡಿಯ ಕರಡು ಬರೆಯಲು ಅಭಿಮಾನಿಗಳಲ್ಲೇ ಕೆಲವರನ್ನು ಆರಿಸಿದ್ದೇವೆ ಎಂದು ಹೆಸರು ಹೇಳುವವರೆಗೆ. ಬಾಳವ್ವನ ಅಧ್ಯಾಯ: ಸುವರ್ಣಾ ಹೊಸಮನಿ.

ನೀಲಾಂಬಿಕಾ ಅದನ್ನು ಎರಡು ಸಲ ಓದಿದಳು. ಯಾರು ಈ ಸುವರ್ಣಾ? ಸಾಲಿ ಟೀಚರು, ವಾರಕ್ಕೊಮ್ಮೆ ಪುರುಸೊತ್ತಾದರೆ ಆಡುವವಳು, ಮುಳುಗೂರಿನ ಅರ್ಧ ಓಣಿ ನೋಡದವಳು. ಬರೆಯುವುದು ಚೆಂದವಂತೆ, ಮಾತು ಮೆದುವಂತೆ. ಮೆದು ಮಾತಿನವರಿಗೇ ಕಾಲ! ಮನೆಯಲ್ಲೂ ಅದೇ ಕತೆ. ಸಂಕ್ರಮಣದ ಹಿಂದುಮುಂದು ಸುವರ್ಣಾಳ ತಾಯಿ ತೀರಿಕೊಂಡಳು. ಅಂದಿನಿಂದ ಅತ್ತೆ ಅವಳಿಗೆ ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ. ನಮ್ಮವ್ವ ಹೋದಾಗ ನನಗೆ ಯಾರು ಕೂತಲ್ಲಿಗೆ ರೊಟ್ಟಿ ತಂದುಕೊಟ್ಟರು ಎಂದು ನೀಲಾಂಬಿಕಾ ಆಗಲೂ ಒಳಗೊಳಗೇ ಕುದ್ದಿದ್ದಳು.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೇಳಿಯೇ ಬಿಟ್ಟಳು. "ಏನಂತ ಬರೀತೀ ಬಾಳವ್ವನ ಬಗ್ಗೆ?"

ಸುವರ್ಣಾ ಚಹಾದ ಬಟ್ಟಲು ಕೆಳಗಿಟ್ಟಳು. "ಮಗಳಿಲ್ಲ ಅಂತ ಬರೀಬೇಕಂತ ಅಂದ್ಕೊಂಡೀನಿ ಅಕ್ಕಾರ."

"ಯಾಕ?"

"ಮಗಳದಾಳ ಅಂದ್ರ ಹುರಿ 'ಮಗಳ' ಅನ್ನೂ ಮಾತು ಅಕಿಗೊಬ್ಬಾಕಿಗೇ ಎತ್ತಿಡ್ತೈತಿ. ಇಲ್ಲ ಅಂದ್ರ ಎಲ್ಲಾರಿಗೂ ಅಂತಾಳ. ಮಕ್ಕಳಿಲ್ಲದಾಕಿ ಎಲ್ಲಾರಿಗೂ ಅವ್ವ ಆಗ್ತಾಳಲ್ರಿ. ನನ್ನಂಗ ಆಡಾಕ ಪುರುಸೊತ್ತಿಲ್ಲದೋರು ಎಷ್ಟ್ ಮಂದಿ ಅದಾರ. ಅವರೂ ಕೈಪಿಡಿ ಓದಿ ಅಕಿ ಖಾನಾವಳಿ ದಾರಿ ತಿಳಕೊಳ್ಳಲಿ."

"ಎಲ್ಲಾರಿಗೂ ಅವ್ವ ಆದಾಕಿ ಯಾರಿಗೂ ಅವ್ವ ಅಲ್ಲ, ತಿಳೀತಾ?" ನೀಲಾಂಬಿಕಾ ಹಿಟ್ಟನ್ನು ಪರಾತಕ್ಕೆ ಕುಕ್ಕಿದಳು. "ಹಂಚಿ ಹಂಚಿ ಕೊಡಾಕ ಅಕಿ ಏನ್ ಗುಡಿ ಪ್ರಸಾದ ಏನ?"

ಸುವರ್ಣಾ ಚೀಲ ಎತ್ತಿಕೊಂಡು ಶಾಲೆಗೆ ಹೊರಟಳು. ಉತ್ತರ ಕೊಡದೆ ಹೋದದ್ದು ನೀಲಾಂಬಿಕಾಗೆ ಉತ್ತರಕ್ಕಿಂತ ಹೆಚ್ಚು ಉರಿ ಹಚ್ಚಿತು.

ಅದೇ ವಾರ ಅವಳು ನೋಡಬಾರದ್ದನ್ನು ನೋಡಿದಳು. ಒಣಗಿದ ಬಟ್ಟೆ ಮಡಚಿ ಸುವರ್ಣಾಳ ಕೋಣೆಗೆ ಕೊಡಲು ಹೋದಾಗ ಬಾಗಿಲು ಓರೆಯಾಗಿತ್ತು. ಸುವರ್ಣಾ ಕನ್ನಡಕ ಹಾಕಿಕೊಂಡು ಗೋಡೆಯತ್ತ ಮುಖ ಮಾಡಿ ನಿಂತಿದ್ದಳು. ಎರಡೂ ಕೈಯಲ್ಲಿ ಸೆರಗು ಒಡ್ಡಿದ್ದಳು. ತಲೆ ಬಗ್ಗಿತ್ತು. ನಡುಪಟ್ಟಿ ಒಮ್ಮೆ ಜಗ್ಗಿತು. ಮತ್ತೊಮ್ಮೆ ಜಗ್ಗಿತು. ಐದು ಸಲ ಜಗ್ಗಿತು.

ಬಟ್ಟೆಯ ಗಂಟನ್ನು ಅಲ್ಲೇ ಬಿಸುಟು ನೀಲಾಂಬಿಕಾ ತನ್ನ ಕೋಣೆಗೆ ಬಂದು ಕೂತಳು. ಗಂಡ ಇನ್ನೊಬ್ಬಳಿಗೆ ಸೀರೆ ತಂದುಕೊಟ್ಟದ್ದನ್ನು ಕಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ನನ್ನ ಉಡಿ! ನನ್ನವ್ವ ತುಂಬಿದ ಉಡಿ! ಇವಳು ಯಾವಾಗಲೋ ನನ್ನ ಆಟ ಕದ್ದು ನೋಡಿದ್ದಾಳೆ, ಬಾಳವ್ವನ ಹತ್ತಿರ ಹೋಗಿ ತನಗೂ ಬೇಕೆಂದು ಗೋಗರೆದಿದ್ದಾಳೆ. ವರ್ಷವರ್ಷ ಸ್ವಂತ ತಾಯಿಯಿಂದ ತುಂಬಿಸಿಕೊಂಡದ್ದು ಸಾಲದೇ? ಈಗ ಕೈಪಿಡಿಯಲ್ಲಿ ತನ್ನ ಹೆಸರು ಹಾಕಿಕೊಂಡು ಬರೆಯುತ್ತಾಳೆ, ಊರಿಗೆಲ್ಲ ಹಂಚುತ್ತಾಳೆ. ಆ ತಾಯಿ ಹೋಗಿ ಇನ್ನೂ ಒಂದು ವರ್ಷ ತುಂಬಿಲ್ಲ, ಇದು ಅವಳಿಲ್ಲದ ಮೊದಲ ಪಂಚಮಿ ಎಂಬುದು ನೀಲಾಂಬಿಕಾಗೆ ನೆನಪೇ ಆಗಲಿಲ್ಲ. ಹೊಟ್ಟೆಕಿಚ್ಚು ಹತ್ತಿದವರಿಗೆ ಲೆಕ್ಕವೆಲ್ಲ ತಮ್ಮದೇ.

ಪಂಚಮಿಗೆ ಮುಂಚಿನ ಭಾನುವಾರ ತೆಪ್ಪದ ಕಚೇರಿಯಲ್ಲಿ ಎರಡೂ ಬಣದವರ ಸಭೆ ಸೇರಿತು. ಕಚೇರಿಯೆಂದರೆ ದೊಡ್ಡ ನಿಯಂತ್ರಣ ಕೋಣೆ. ಒಂದು ಗೋಡೆಯ ತುಂಬ ಪರದೆ, ಅದರಲ್ಲಿ ಮುಳುಗೂರು. ಸಾವಿರಾರು ಕೆಂಪು ಚುಕ್ಕೆಗಳು ಓಣಿಗಳಲ್ಲಿ ಅಲೆಯುತ್ತಿದ್ದವು. ಒಂದೊಂದು ಚುಕ್ಕೆಯೂ ಎಲ್ಲೋ ಕೂತು ಆಡುತ್ತಿರುವ ಒಬ್ಬ ಮನುಷ್ಯ. ಬಾಳವ್ವನ ಖಾನಾವಳಿಯಲ್ಲಂತೂ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನ ನಮ್ಮವ್ವನ ಹತ್ತಿರ ಏನು ಮಾಡುತ್ತಾರೆ ಎಂದು ನೀಲಾಂಬಿಕಾಗೆ ಅಲ್ಲೇ ಮೊದಲ ಸಂಕಟ ಶುರುವಾಯಿತು.

ಕೋಣೆಯ ಮುಖ್ಯಸ್ಥೆ ರೇಷ್ಮಾ ಮುಲ್ಲಾ, ಹುರಿಯನ್ನು ಕಟ್ಟಿದವರಲ್ಲಿ ಒಬ್ಬಳು. ಎರಡೂ ಕಡೆಯವರ ವಾದ ಕೇಳಿದಳು. ನೀಲಾಂಬಿಕಾಳ ಸರದಿ ಬಂದಾಗ ಅವಳು ಎದ್ದು ನಿಂತಳು.

"ನೋಡ್ರಿ, ಬಾಳವ್ವ ನನಗ ಉಡಿ ತುಂಬ್ತಾಳ. ಮ್ಯಾಲೆ ಒಂದು ಶೇಂಗಾ ಉಂಡಿ ಇಡ್ತಾಳ. ಅಕಿಗೆ ಅದನ್ನ ಯಾರೂ ಹೇಳಿಕೊಟ್ಟಿಲ್ಲ. ತಾನs ತಿಳಕೊಂಡು ಮಾಡಿದ್ಲು. ಇಂಥಾದ್ದನ್ನ ಹೆಂಗ ಬರೀತೀರಿ ಪುಸ್ತಕದಾಗ? ಅದರಾಗ ಕದ್ದು ನೋಡಿ ನಂದೂ ಅನ್ನೋರು ಬ್ಯಾರೆ ಅದಾರ." ಎದುರು ಸಾಲಿನಲ್ಲಿದ್ದ ಸುವರ್ಣಾಳತ್ತ ಕಣ್ಣು ಹಾಯಿಸಿದಳು. "ಬಾಯಿಬೀಗ ತಗದು ಅಕೀನ್ನs ಕೇಳ್ರಿ. ಯಾರು ಹೇಳಿದ್ರು ಅಂತ."

ರೇಷ್ಮಾ ಕೀಲಿಮಣೆಯ ಮೇಲೆ ಬೆರಳಾಡಿಸಿದಳು. ಸ್ವಲ್ಪ ಹೊತ್ತು ಪರದೆ ನೋಡಿದಳು. "ಹೇಳಿದವರು ಒಬ್ರು ಅದಾರ್ರಿ ಮೇಡಂ. ಹೆಸರು ನನಗೂ ಕಾಣೂದಿಲ್ಲ. ಆದ್ರ ಅವರು ಈಗ ಇದೇ ಕೋಣ್ಯಾಗ ಕುಂತಾರ ಅಂತ ತೋರಸಾಕತ್ತೈತಿ. ಅವರು ಒಪ್ಪಿದ್ರ ಬೀಗ ತಗೀತೀನಿ."

ನೀಲಾಂಬಿಕಾ ಪರದೆಯತ್ತ ತಿರುಗಿದಳು. ಹೇಳಿದವರಿದ್ದಾರೆ! ಹಾಗಾದರೆ ಬಾಳವ್ವ ತಾನಾಗಿ ತಿಳಿದುಕೊಂಡದ್ದಲ್ಲವೇ? ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಸುವರ್ಣಾ ಮೆಲ್ಲಗೆ ಕೈ ಎತ್ತಿದಳು.

"ಅಕ್ಕಾರ, ಇಲ್ಲೆ ಬ್ಯಾಡ. ಮನ್ಯಾಗ ನಾನs ಹೇಳ್ತೀನಿ."

"ಕಳ್ಳಿ!" ನೀಲಾಂಬಿಕಾಳ ಧ್ವನಿ ಒಡೆಯಿತು. "ಅಂದ್ರ ಮೊದಲು ನೀ ತುಂಬಿಸಿಕೊಂಡಿ, ಉಳಿದದ್ದು ನನಗ ಬಂತು? ಇಷ್ಟ್ ವರ್ಷ ನಾ ನಿನ್ನ ಎಂಜಲಕ್ಕ ಸೆರಗು ಒಡ್ಡೀನಿ?"

"ಹಂಗಲ್ಲ ಅಕ್ಕಾರ, ಕೈ ಮುಗೀತೀನಿ..."

"ಇಲ್ಲೇ ಆಗ್ಲಿ! ಎಲ್ಲಾರ ಮುಂದೇ ಆಗ್ಲಿ! ಯಾಕ, ಅಂಜಿಕಿ ಆತೇನ?"

ಸುವರ್ಣಾ ಅವಳ ಮುಖವನ್ನೇ ನೋಡಿದಳು. ಆಮೇಲೆ ರೇಷ್ಮಾಳತ್ತ ತಿರುಗಿ, "ಹೂಂ, ತಗೀರಿ" ಎಂದಳು.

ಗೋಡೆಯ ಪರದೆಯಲ್ಲಿ ಖಾನಾವಳಿ ಹತ್ತಿರ ಬಂತು. ಬಾಳವ್ವ ಒಲೆಯ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಉಡಿ ತುಂಬುವುದನ್ನು ಯಾರು ಹೇಳಿಕೊಟ್ಟರು ಎಂದು ರೇಷ್ಮಾ ಕೇಳಿದಳು.

"ಒಬ್ಬಾಕಿ ಬಂದಿದ್ಲು," ಬಾಳವ್ವ ಹೇಳಿದಳು, "ಸುವರ್ಣಾ ಅಂತ. ಆಟಕ್ಕ ಹೊಸಬಳು. ರೊಟ್ಟಿ ಸೈತ ತಿನ್ನಲಿಲ್ಲ. ನಮ್ಮ ಮನ್ಯಾಗ ಅಕ್ಕಾರ ಅದಾರ, ನೀಲಾಂಬಿಕಾ ಅಂತ, ಇಲ್ಲಿಗೂ ಬರ್ತಾರ ಅಂದ್ಲು. ನಮ್ಮವ್ವ ಬಂದು ನನ್ನ ಉಡಿ ತುಂಬುವಾಗ ಹಾಲು ಉಕ್ಕಾಕತ್ತೈತಿ ಅಂತ ಒಳಗ ಹೋಗ್ತಾರ, ಒಲಿ ಮ್ಯಾಲೆ ಹಾಲs ಇರೂದಿಲ್ಲ ಅಂದ್ಲು. ನಾ ತುಂಬ್ತೀನಂದ್ರ ಸಣ್ಣಾಕಿ ಅಂತ ಅವರು ಸೆರಗು ಒಡ್ಡೂದಿಲ್ಲ, ನೀ ಹಿರೇಕಿ, ನೀ ತುಂಬು ಅಂದ್ಲು. ಅವರವ್ವ ಮ್ಯಾಲೆ ಒಂದು ಶೇಂಗಾ ಉಂಡಿ ಇಡ್ತಿದ್ರಂತ. ಉಂಡಿ ಕಟ್ಟುವಾಗ ಒಂದ್ ಸಲ ಹೇಳಿದ್ರು, ಹೇಳಿದ್ದು ಅವರಿಗೇ ಮರೆತಿರಬೇಕು ಅಂದ್ಲು. ಹೇಳಿದ್ದು ನಾನಂತ ಹೇಳಬ್ಯಾಡ, ಸಿಟ್ಟಾಗ್ತಾರ ಅಂದ್ಲು."

ನೀಲಾಂಬಿಕಾಗೆ ನೆನಪಾಯಿತು. ಸುವರ್ಣಾ ಮದುವೆಯಾಗಿ ಬಂದ ಮೊದಲ ಪಂಚಮಿ, ಇಬ್ಬರೂ ಕೂತು ಬೆಲ್ಲದ ಪಾಕಕ್ಕೆ ಶೇಂಗಾ ಪುಡಿ ಕಲೆಸಿದ್ದು, ಬಿಸಿ ಉಂಡೆ ಕಟ್ಟುತ್ತ ತಾನು ತನ್ನವ್ವನ ಮಾತು ಆಡಿದ್ದು. ಹೌದು, ಆಡಿದ್ದಳು.

ರೇಷ್ಮಾ ಪರದೆಯಲ್ಲಿದ್ದ ದಾಖಲೆ ನೋಡಿ ಇನ್ನೊಂದು ಪ್ರಶ್ನೆ ಕೇಳಿದಳು. ಕೇಳದಿದ್ದರೂ ಆಗುತ್ತಿತ್ತು. "ಮತ್ತ ಈ ಸಲ ಸುವರ್ಣಾ ಅವರ ಉಡಿ ತುಂಬಿದ್ಯಲ್ಲ, ಅದನ್ನ ಯಾರು ಹೇಳಿದ್ರು?"

"ಯಾರು ಹೇಳ್ಬೇಕವಾ? ಅಕಿ ಏನೂ ಕೇಳಲಿಲ್ಲ. ಈ ಸಲ ಪಂಚಮಿಗೆ ಕರಿಯಾಕ ಯಾರೂ ಬರೂದಿಲ್ಲ ಅಂತ ಅಷ್ಟs ಅಂದು ಸುಮ್ನ ಕುಂತ್ಲು. ನಾನs ಸೆರಗು ಒಡ್ಡು ಮಗಳ ಅಂದೆ."

ನೀಲಾಂಬಿಕಾ ನಿಂತಲ್ಲೇ ಕೂತಳು. ಹೇಳದೆಯೇ ತಿಳಿದು ತುಂಬಿದ್ದು ಸುವರ್ಣಾಗೆ. ತನಗೆ ಬಂದದ್ದು ಹೇಳಿಸಿದ್ದು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ನಾಚಿಕೆಯಾದದ್ದು ನಿಜ. ಆದರೆ ಆ ನಾಚಿಕೆಯ ಅಡಿಯಲ್ಲೇ ಹೊಟ್ಟೆಕಿಚ್ಚಿನ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಅವಳಿಗೆ ತಾನಾಗಿ ತುಂಬಿದಳು, ನನಗೆ ಮಾತ್ರ ಹೇಳಿಸಿಕೊಂಡು ತುಂಬಿದಳು! ತನ್ನ ಮನಸ್ಸು ಇಂಥ ಹೊತ್ತಲ್ಲೂ ಹೀಗೆ ತಕ್ಕಡಿ ಹಿಡಿದು ಕೂತದ್ದು ಕಂಡು ಅವಳಿಗೇ ಅಸಹ್ಯವಾಯಿತು.

ಕೈಪಿಡಿ ಬೇಕೆನ್ನುವವರು ಕೈ ಎತ್ತಿ ಎಂದರು. ಬಹಳ ಕೈಗಳು ಎದ್ದವು. ಬೇಡವೆನ್ನುವವರು ಎಂದಾಗ ನೀಲಾಂಬಿಕಾಳ ಕೈ ಅವಳ ಮಡಿಲಲ್ಲೇ ಇತ್ತು. ಅವಳ ಬಣದವರು ಅವಳನ್ನು ನೋಡಿ, ಅರೆಮನಸ್ಸಿನಿಂದ ಎತ್ತಿದ ಕೈಯನ್ನು ತಾವೂ ಇಳಿಸಿದರು. ಕೈಪಿಡಿ ತರುವುದೆಂದು ತೀರ್ಮಾನವಾಯಿತು. ಮನೆಗೆ ಬರುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.

ಪಂಚಮಿಯ ಬೆಳಿಗ್ಗೆ ಓಣಿಯ ತುಂಬ ಜೋಕಾಲಿಯ ಗಲಾಟೆ. ಸುವರ್ಣಾ ತನ್ನ ಕೋಣೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ನೀಲಾಂಬಿಕಾ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು. ಆಮೇಲೆ ಮೊರದಲ್ಲಿ ಅಕ್ಕಿ ತುಂಬಿಕೊಂಡು ಬಂದು ದೇವರ ಮುಂದೆ ನಿಂತಳು.

"ಏ ಸುವರ್ಣಾ! ಬಾ ಇಲ್ಲೆ. ಎಷ್ಟೊತ್ತಂತ ಕುಂದರ್ತೀ ಒಳಗ?"

ಸುವರ್ಣಾ ಬಂದು ಮೊರ ನೋಡಿದಳು, ನೀಲಾಂಬಿಕಾಳ ಮುಖ ನೋಡಿದಳು.

"ಏನ್ ನೋಡ್ತೀ? ಸೆರಗು ಒಡ್ಡು. ನಾ ಹಿರೇಕಿ, ನಾ ತುಂಬಿದ್ರ ನಡೀತೈತಿ."

ಸುವರ್ಣಾ ಸೆರಗು ಒಡ್ಡಿದಳು. ಮೊದಲ ಬೊಗಸೆ ಬೀಳುತ್ತಲೇ ಅವಳ ಭುಜ ಅಲುಗತೊಡಗಿತು.

"ಅಳಬ್ಯಾಡ. ಸೆರಗು ಅಳ್ಳಾಡಿದ್ರ ಅಕ್ಕಿ ಚೆಲ್ತಾವು. ಬಳಿಯಾಕಿ ಯಾರು, ನಾನs ಬಳೀಬೇಕು," ನೀಲಾಂಬಿಕಾ ಗದರಿದಳು. ಹಾಗೆ ಗದರಿದವಳ ಧ್ವನಿಯೂ ನೆಟ್ಟಗಿರಲಿಲ್ಲ. ಐದು ಬೊಗಸೆ ಹಾಕಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ. ಕೊನೆಗೆ ನಿನ್ನೆ ಕಟ್ಟಿದ ಶೇಂಗಾ ಉಂಡೆಯೊಂದನ್ನು ಅಕ್ಕಿಯ ಮೇಲಿಟ್ಟಳು.

ಅಷ್ಟರಲ್ಲಿ ಸುವರ್ಣಾಳ ಫೋನು ಬಡಿದುಕೊಂಡಿತು. ಅವಳ ಎರಡೂ ಕೈ ಸೆರಗು ಹಿಡಿದಿದ್ದವು. ನೀಲಾಂಬಿಕಾ ತಾನೇ ಎತ್ತಿ ತನ್ನ ಹೆಸರು ಹೇಳಿದಳು. ರೇಷ್ಮಾ ಮುಲ್ಲಾ.

"ಹಬ್ಬದ ದಿನ ತ್ರಾಸ ಕೊಡಾಕತ್ತೀನಿ, ಕ್ಷಮಿಸ್ರಿ. ಬಾಳವ್ವನ ಅಧ್ಯಾಯ ಒಂದs ಅರ್ಧಕ್ಕ ನಿಂತೈತಿ. ಇವತ್ತು ಹುರಿಗೆ ಹಾಕ್ಬೇಕು. ಮಗಳಿದ್ಲೋ ಇಲ್ಲೋ, ಸುವರ್ಣಾ ಅವರು ಏನ್ ಬರೀ ಅಂತಾರ?"

ನೀಲಾಂಬಿಕಾ ಸುವರ್ಣಾಳತ್ತ ನೋಡಿದಳು. ಸುವರ್ಣಾ ತುಂಬಿದ ಉಡಿ ಹಿಡಿದುಕೊಂಡೇ ಅವಳತ್ತ ತಲೆಯಾಡಿಸಿದಳು, ನೀವೇ ಹೇಳಿ ಎನ್ನುವಂತೆ.

"ಇದ್ಲು ಅಂತ ಬರೀರಿ," ನೀಲಾಂಬಿಕಾ ಹೇಳಿದಳು. "ಒಬ್ಬಾಕಿ ಅಲ್ಲ, ಇಬ್ರು. ಇಬ್ರು ಹೆಣ್ಣುಮಕ್ಕಳು."

"ಇಬ್ರಾ?" ರೇಷ್ಮಾ ತಡವರಿಸಿದಳು. "ಹಂಗ ಬರದ್ರ ಅಕಿ ನಿಮ್ಮಿಬ್ರಿಗೇ ಮಗಳ ಅಂತಾಳ ನೋಡ್ರಿ. ಉಳದ ಮಂದಿ?"

"ಉಳದ ಮಂದಿ ರೊಟ್ಟಿ ತಿಂದು ಹೋಗ್ಲಿ. ಖಾನಾವಳಿ ಐತಲ್ಲ, ಅದಕ್ಕs ಇರೂದದು."

ಸುವರ್ಣಾಗೆ ಅಳುವಿನ ನಡುವೆಯೇ ನಗು ಬಂತು. ಒಂದು ಹಿಡಿ ಅಕ್ಕಿ ನೆಲಕ್ಕೆ ಚೆಲ್ಲಿತು. ನೀಲಾಂಬಿಕಾ ಅವಳನ್ನು ಕೆಕ್ಕರಿಸಿ ನೋಡಿ, ಬಗ್ಗಿ ಅಕ್ಕಿ ಬಳಿಯುತ್ತ, ಫೋನನ್ನು ಇನ್ನೇನು ಇಡಬೇಕೆಂದವಳು ಮತ್ತೆ ಕಿವಿಗೆ ಹಚ್ಚಿಕೊಂಡಳು.

"ಹಲೋ, ಇನ್ನೊಂದು ಮಾತು. ಅದರಾಗ ಹಿರೇಕಿ ನಾನು. ಅದನ್ನ ದಪ್ಪ ಅಕ್ಷರದಾಗ ಬರೀರಿ."